ಕಣದಲ್ಲಿ ರಾಶಿ, ಮನೆಯಲ್ಲಿ ಕೊರತೆ

ಧಾನ್ಯವು ಹೊಲದಲ್ಲಿ ಬೆಳೆದ ಮಾತ್ರಕ್ಕೆ ಜನರ ಹೊಟ್ಟೆ ತುಂಬುವದೆಂಬ ನಂಬಿಕೆಯು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುತ್ತದೆ. ಮಳೆ ಬಂದಿತು, ಬೆಳೆ ಬಂದಿತು, ಇನ್ನು ಚಿಂತೆಯಿಲ್ಲವೆಂದು ಹಿರಿಯರು ಹೇಳುವರು. ಮಳೆ ಹೋಯಿತು, ಬೆಳೆ ಹೋಯಿತು, ಇನ್ನು ದೇವರೇ ಗತಿಯೆಂದೂ ಅವರೇ ಹೇಳುವರು. ಈ ಎರಡೂ ಮಾತುಗಳಲ್ಲಿ ಅರ್ಧ ಸತ್ಯವಿರುವದು, ಉಳಿದರ್ಧವು ಹೊಲದ ಬದುವಿನ ಆಚೆಗೆ ಪೇಟೆಯಲ್ಲಿಯೂ ಸರಕಾರದ ಕಚೇರಿಯಲ್ಲಿಯೂ ಸಾಲಿಗನ ಖಾತೆಯಲ್ಲಿಯೂ ಇರುವದು. ಬೆಳೆಗೂ ಊಟಕ್ಕೂ ನಡುವಿನ ಈ ದಾರಿಯನ್ನು ಅರಿಯದಿರುವ ನಾಡು ಸುಗ್ಗಿಯ ವರ್ಷದಲ್ಲಿಯೂ ಹಸಿದೀತು. ಆದುದರಿಂದ ನಮ್ಮ ಬೆಳಗಾವಿ ಜಿಲ್ಲೆಯ ಒಂದು ಮೂಲೆಯನ್ನು ಎದುರಿಗಿಟ್ಟುಕೊಂಡು ಈ ಸಂಗತಿಯನ್ನು ವಾಚಕರ ವಿಚಾರಕ್ಕೆ ತರಬಯಸುತ್ತೇವೆ.

ಬೈಲಹೊಂಗಲ ತಾಲೂಕಿನ ನೇಸರಗಿಯ ಸುತ್ತಲಿನ ಸೀಮೆಯು ಎರೆಯೂ ಮಸಾರಿಯೂ ಕೂಡಿದ ಒಣಬೇಸಾಯದ ನೆಲವು. ರಟ್ಟರ ಕಾಲದ ಶಾಸನವನ್ನುಳ್ಳ ಈ ಊರು ಇಂದು ನಿನ್ನೆ ಹುಟ್ಟಿದುದಲ್ಲ, ಇಲ್ಲಿಯ ಒಕ್ಕಲುತನವೂ ಅಷ್ಟೇ ಹಳೆಯದು. ಮುಂಗಾರಿಯಲ್ಲಿ ಹೆಸರು ಮೊದಲಾದವುಗಳನ್ನು ಬೆಳೆದು, ಅನಂತರ ಉತ್ತರಿ ಹಸ್ತ ಮಳೆಗಳ ಹದ ನೋಡಿ ಹಿಂಗಾರಿ ಬಿಳಿಜೋಳವನ್ನು ಬಿತ್ತುವದು ಇಲ್ಲಿಯ ಪದ್ಧತಿಯು. ಈ ಜೋಳದ ಗುಣವು ಆಶ್ಚರ್ಯಕರವಾದುದು. ಬಿತ್ತಿದ ಮೇಲೆ ಮಳೆಯ ಹನಿ ಕಾಣದಿದ್ದರೂ ಎರೆಮಣ್ಣು ತನ್ನ ಹೊಟ್ಟೆಯಲ್ಲಿಟ್ಟುಕೊಂಡ ತೇವವನ್ನೇ ಹೀರಿ, ಮಂಜಿನ ತಂಪಿನಲ್ಲಿ ಬೆಳೆದು, ಎಳ್ಳಮಾವಾಸ್ಯೆಯ ಚರಗಕ್ಕೆ ಹೊತ್ತಾಗುವಾಗ ತೆನೆ ಹಿಡಿದು ನಿಲ್ಲುವದು. ಮುಂದೆ ಸೀತನಿ, ಆಮೇಲೆ ಕಟಾವು, ಕಣ, ರಾಶಿ. ಮನುಷ್ಯನಿಗೆ ಕಾಳು, ದನಕ್ಕೆ ಕಣಿಕೆ. ಒಂದೇ ಬೆಳೆಯಿಂದ ಮನೆಯ ಎರಡು ಬಗೆಯ ಪ್ರಾಣಿಗಳಿಗೂ ವರ್ಷದ ಅನ್ನವನ್ನು ಕೊಡುವಂಥ ಪೈರು ಒಣನೆಲಕ್ಕೆ ಇನ್ನೊಂದಿಲ್ಲ.

ಸಾಮಾನ್ಯ ಲೆಕ್ಕವೊಂದನ್ನು ಮಾಡಿ ನೋಡಬಹುದು. ಒಬ್ಬನಿಗೆ ದಿನಕ್ಕೆ ೪೦೦ ಗ್ರಾಂ ಕಾಳು ಬೇಕೆಂದು ಹಿಡಿದರೆ ತಿಂಗಳಿಗೆ ೧೨ ಕಿಲೋ ಆಗುವದು, ಐದು ಜನರ ಮನೆಗೆ ವರ್ಷಕ್ಕೆ ಏಳು ಕ್ವಿಂಟಲಿನ ಮೇಲೆ ತುಸು. ಒಣಬೇಸಾಯದ ಹಿಂಗಾರಿ ಜೋಳವು ಎಕರೆಗೆ ಮೂರೂವರೆ ನಾಲ್ಕು ಕ್ವಿಂಟಲ್ ಬಂದರೆ ಸಾಧಾರಣ ಬೆಳೆಯೆನ್ನಬೇಕು. ಅಂದರೆ ಎರಡು ಎಕರೆ ಎರೆ ಒಂದು ಒಕ್ಕಲನ್ನು ಸಾಕುವದು. ನೀರಾವರಿಯಿಲ್ಲ, ಕಾಲುವೆಯ ಹಂಗಿಲ್ಲ. ಇಷ್ಟು ಸುಲಭವಾದ ಲೆಕ್ಕವಿದ್ದೂ ಜೋಳ ಬೆಳೆಯುವ ನಾಡಿನ ಒಕ್ಕಲುಗಳು ಇಂದು ಪರಊರಿನ ಅಕ್ಕಿಯ ದಾರಿ ಕಾಯುತ್ತ ನಿಂತಿರುವದೇಕೆ?

ಮರಾಡಿಯ ಪಾಠ

ಉತ್ತರವನ್ನು ಹುಡುಕುವ ಮುನ್ನ ಸಮುದ್ರದಾಚೆಯ ಒಂದು ದೇಶದ ಕಡೆಗೆ ಕಣ್ಣು ಹಾಯಿಸುವದು ಉಪಯುಕ್ತವಾದೀತು. ಪಶ್ಚಿಮ ಆಫ್ರಿಕೆಯ ನೈಜರ್ ದೇಶದವರು ಉಣ್ಣುವ ಧಾನ್ಯಗಳು ನಮ್ಮವೇ: ಸಜ್ಜೆ ಮತ್ತು ಜೋಳ. ಜೋಳದ ತವರೂ ಆಫ್ರಿಕೆಯೇ ಆಗಿದ್ದು, ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ನಾಡಿಗೆ ಬಂದಿತು. ಆ ದೇಶದಲ್ಲಿ ಮಳೆಗಾಲವೊಂದೇ, ಜೂನದಿಂದ ಸಪ್ಟಂಬರದವರೆಗೆ. ಅಕ್ಟೋಬರದ ಹೊತ್ತಿಗೆ ಸುಗ್ಗಿ. ಹಳೆಯ ಕಾಳು ತೀರಿ ಹೊಸ ಕಾಳು ಬರುವದಕ್ಕೆ ಮುಂಚಿನ ಮಳೆಗಾಲದ ತಿಂಗಳುಗಳೇ ಅಲ್ಲಿ ಹಸಿವಿನ ತಿಂಗಳುಗಳು. ನಮ್ಮ ಒಕ್ಕಲಿಗರು ಆಷಾಢದ ಕೊರತೆಯೆಂದರೆ ಏನೆಂಬದನ್ನು ಬಲ್ಲರು. ಆದುದರಿಂದ ಅವರ ಕಷ್ಟವು ನಮಗೆ ಪರಕೀಯವಲ್ಲ.

೧೯೬೮ರಿಂದ ೧೯೭೩ರವರೆಗಿನ ದೀರ್ಘ ಅನಾವೃಷ್ಟಿಯು ಆ ಸಾಹೇಲ ಪ್ರದೇಶವನ್ನು ಸುಟ್ಟುಬಿಟ್ಟಿತು. ಅದರ ಮಾತು ಬೇರೆ, ಅಲ್ಲಿ ಮಳೆಯೇ ಹೋಗಿತ್ತು. ನಾವು ಲಕ್ಷ್ಯಕ್ಕೆ ತರಬೇಕಾದುದು ೨೦೦೫ರ ಸಂಗತಿ. ಅದಕ್ಕೆ ಹಿಂದಿನ ವರ್ಷ, ಅಂದರೆ ೨೦೦೪ರಲ್ಲಿ, ಮಳೆಯು ಬೇಗ ನಿಂತಿತು, ಮಿಡತೆಯ ದಂಡೂ ಬಿದ್ದಿತು. ಆದರೂ ಒಟ್ಟು ಬೆಳೆಯು ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇಕಡ ೧೧ರಷ್ಟು ಮಾತ್ರ ಕಡಿಮೆಯಾಗಿತ್ತು. ಹತ್ತರಲ್ಲಿ ಒಂದು ಪಾಲು ಹೋದರೆ ಒಂಬತ್ತು ಪಾಲು ಉಳಿಯಿತಲ್ಲವೆ? ಇಷ್ಟರಿಂದ ದೇಶವು ಹಸಿವೆಗೆ ಬೀಳಬೇಕಾದ ಕಾರಣವಿರಲಿಲ್ಲ. ಆದರೆ ನೆರೆಯ ದೊಡ್ಡ ದೇಶವಾದ ನೈಜೀರಿಯಾದಲ್ಲಿ ಕಾಳಿಗೆ ಹೆಚ್ಚು ಬೆಲೆ ಬಂದಿತು, ವ್ಯಾಪಾರದ ಕಾಳು ಆ ಕಡೆಗೆ ಹರಿಯಿತು. ಸಜ್ಜೆಯ ಧಾರಣೆ ಏರಿದಷ್ಟೂ ದನದ ಬೆಲೆ ಇಳಿಯಿತು. ದನ ಮಾರಿ ಕಾಳು ಕೊಳ್ಳುವ ಬಡವನು ಎರಡೂ ಕಡೆಯಿಂದ ಹೊಡೆತ ತಿಂದನು. ಸರಕಾರವು ಮೊದಲು ಕಾಳನ್ನು ಇಳಿಸಿದ ದರದಲ್ಲಿ ಮಾರಲೆಳಸಿತೇ ಹೊರತು ಪುಕ್ಕಟೆ ಹಂಚಲಿಲ್ಲ. ಇಳಿಸಿದ ದರವನ್ನಾದರೂ ಕೊಡಲು ಕೈಯಲ್ಲಿ ಕಾಸಿಲ್ಲದವನಿಗೆ ಅದರಿಂದ ಬಂದ ಭಾಗ್ಯವೇನು?

ಇನ್ನೂ ಒಂದು ಮಾತು ನಮ್ಮ ಮನಸ್ಸನ್ನು ಕಲಕುವಂತಿದೆ. ಆ ವರ್ಷ ಬಾಡಿದ ಕೂಸುಗಳನ್ನೆತ್ತಿಕೊಂಡು ತಾಯಂದಿರು ಆರೈಕೆಯ ಡೇರೆಗಳಿಗೆ ಗುಂಪುಗುಂಪಾಗಿ ಬಂದುದು ಮರುಭೂಮಿಯ ಅಂಚಿನಿಂದಲ್ಲ, ಆ ದೇಶದ ಕಣಜವೆಂದು ಹೆಸರಾದ ಮರಾಡಿ ಪ್ರಾಂತದಿಂದ. ಬೆಳೆಯುವ ಸೀಮೆಯಲ್ಲಿಯೇ ಹಸಿವೆಯು ಹೆಚ್ಚು. ಯಾಕಂದರೆ ಅಲ್ಲಿಯ ಚಿಕ್ಕ ಒಕ್ಕಲಿಗನು ಸಾಲ ತೀರಿಸಲಿಕ್ಕೆ ಸುಗ್ಗಿಯಲ್ಲಿಯೇ ಅಗ್ಗಕ್ಕೆ ಮಾರಿ, ಮಳೆಗಾಲದಲ್ಲಿ ಅದೇ ಕಾಳನ್ನು ತುಟ್ಟಿಗೆ ಕೊಳ್ಳಬೇಕಾಗಿತ್ತು. ಕ್ಷಾಮವೆಂದರೆ ಧಾನ್ಯದ ಅಭಾವವಷ್ಟೇ ಅಲ್ಲ, ಧಾನ್ಯವನ್ನು ಪಡೆಯುವ ಶಕ್ತಿಯ ಅಭಾವವೆಂದು ಅಮರ್ತ್ಯ ಸೇನರು ೧೯೮೧ರ ತಮ್ಮ ಗ್ರಂಥದಲ್ಲಿ ೧೯೪೩ರ ಬಂಗಾಲದ ಉದಾಹರಣೆಯಿಂದ ಪ್ರತಿಪಾದಿಸಿದ್ದರು. ಮರಾಡಿಯು ಅದಕ್ಕೆ ಮತ್ತೊಂದು ಸಾಕ್ಷಿಯಾಯಿತು.

ನಮ್ಮ ನೆಲದ ನೆನಪು

ಇದು ದೂರದ ಆಫ್ರಿಕೆಯ ಕಥೆಯೆಂದು ಯಾರೂ ತಿಳಿಯಬಾರದು. ನಮ್ಮ ಸೀಮೆಯ ಮುದುಕರ ಬಾಯಲ್ಲಿ ಉಳಿದ 'ಡೋಗಿ ಬರ'ವು ೧೭೯೧-೯೨ರದು. ಸತ್ತವರನ್ನು ಹೂಳುವವರಿಲ್ಲದೆ ನೆಲವೆಲ್ಲ ತಲೆಬುರುಡೆಗಳಿಂದ ತುಂಬಿತ್ತೆಂದು ಆ ಹೆಸರು. ಅದಾದ ಮೇಲೆ ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮ. ಇಂದಿನ ಬೈಲಹೊಂಗಲದ ಸೀಮೆಯು ಅಂದು ಸಂಪಗಾಂವ ತಾಲೂಕಾಗಿ ಮುಂಬಯಿ ಇಲಾಖೆಯೊಳಗಿತ್ತು. ಬೆಳಗಾವಿ, ಧಾರವಾಡ, ಕಲಾದಗಿ, ಬಳ್ಳಾರಿ, ಮೈಸೂರು, ಹೀಗೆ ಕನ್ನಡ ನಾಡಿನ ಒಣಸೀಮೆಗಳೆಲ್ಲವೂ ಆ ಬೆಂಕಿಯಲ್ಲಿ ಬೆಂದವು. ಮೈಸೂರು ಸಂಸ್ಥಾನವೊಂದರಲ್ಲಿಯೇ ಐವರಲ್ಲೊಬ್ಬರು ಅಳಿದರು. ಒಟ್ಟು ದಕ್ಷಿಣದಲ್ಲಿ ಅಳಿದವರ ಸಂಖ್ಯೆಯು ೫೦ ಲಕ್ಷವನ್ನು ಮೀರಿತು.

ಅಂದು ದೇಶದಲ್ಲಿ ಧಾನ್ಯವಿರಲಿಲ್ಲವೆ? ಇತ್ತು. ಅದೇ ಕ್ಷಾಮದ ದಿನಗಳಲ್ಲಿ ಹಿಂದುಸ್ತಾನದ ಗೋಧಿಯು ಹಡಗುಗಳಲ್ಲಿ ಇಂಗ್ಲಂಡಕ್ಕೆ ಹೋಗುತ್ತಲೇ ಇತ್ತು. ಖಾಸಗಿ ವ್ಯಾಪಾರದಲ್ಲಿ ಕೈಹಾಕಬಾರದೆಂಬ ತತ್ವವನ್ನು ಲಾರ್ಡ್ ಲಿಟನ್ನನ ಸರಕಾರವು ಹಿಡಿದು ಕುಳಿತಿತ್ತು. ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಕೂಲಿಯೊಂದಿಗೆ ಒಂದಾಣೆಯನ್ನು ಸೇರಿಸಿದರೆ ಸಾಕೆಂದು ಸರ್ ರಿಚರ್ಡ್ ಟೆಂಪಲ್ಲನು ೧೮೭೭ರಲ್ಲಿ ನಿರ್ಣಯಿಸಿದನು. ಆ ಕೂಲಿಯಿಂದ ಕಲ್ಲು ಒಡೆಯುವವನ ಜೀವ ನಿಲ್ಲದೆಂದು ಸರಕಾರದ ವೈದ್ಯಾಧಿಕಾರಿಯಾದ ಕಾರ್ನಿಷನೇ ಪ್ರತಿಭಟಿಸಬೇಕಾಯಿತು. ಪುಣೆಯ ಸಾರ್ವಜನಿಕ ಸಭೆಯು ಹಳ್ಳಿಹಳ್ಳಿಯ ಸ್ಥಿತಿಯನ್ನು ಬರೆದು ಸರಕಾರದೆದುರಿಗಿಟ್ಟಿತು. ಮುಂದೆ ೧೮೮೦ರ ಕ್ಷಾಮ ಕಮಿಶನ್ನು, ೧೮೮೩ರ ಕ್ಷಾಮ ನಿಯಮಾವಳಿ, ಬರದ ನಾಡಿಗೆ ಧಾನ್ಯ ಸಾಗಿಸಲು ೧೮೮೨ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೇಲ್ವೆ, ಇವೆಲ್ಲವೂ ಆ ಲಕ್ಷಾಂತರ ಜೀವಗಳ ಬೆಲೆಯಿಂದ ಬಂದವು. ರೈಲು ಬಂದುದರಿಂದ ಒಳಿತಾಯಿತೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಕಾಳನ್ನು ತರುವ ಹಳಿಯೇ ಕಾಳನ್ನು ಒಯ್ಯುವ ಹಳಿಯೂ ಆಗಿರುವದು. ಯಾವ ಕಡೆಗೆ ಬೆಲೆಯುಂಟೋ ಆ ಕಡೆಗೆ ಬಂಡಿ ಉರುಳುವದು.

ಅದಕ್ಕೂ ಮುಂಚೆ, ಅಮೇರಿಕೆಯ ಅಂತರ್ಯುದ್ಧದ ೧೮೬೧-೬೫ರ ಕಾಲದಲ್ಲಿ, ಅರಳೆಯ ಬೆಲೆಯು ಗಗನಕ್ಕೇರಿ ನಮ್ಮ ಧಾರವಾಡ ಬೆಳಗಾವಿಯ ಎರೆಹೊಲಗಳು ಹತ್ತಿಯಿಂದ ಬೆಳ್ಳಗಾಗಿದ್ದವು. ರೈತನ ಕೈಯಲ್ಲಿ ರೂಪಾಯಿ ಆಡಿತು. ಯುದ್ಧ ಮುಗಿದೊಡನೆ ಬೆಲೆಯು ಕುಸಿಯಿತು. ರೊಕ್ಕದ ಬೆಳೆಯ ಗುಣವು ಇದು: ಅದರ ಬೆಲೆಯನ್ನು ಕಟ್ಟುವವನು ನಮ್ಮ ಊರಲ್ಲಿರುವದಿಲ್ಲ.

ಇಂದಿನ ಹೊಲ

ಈಗ ನಮ್ಮ ಕಾಲಕ್ಕೆ ಬರೋಣ. ೧೯೬೦ರ ಸುಮಾರಿಗೆ ಇಡೀ ಭಾರತದಲ್ಲಿ ಸುಮಾರು ೧೮೦ ಲಕ್ಷ ಹೆಕ್ಟೇರ್ ನೆಲದಲ್ಲಿ ಜೋಳವನ್ನು ಬೆಳೆಯುತ್ತಿದ್ದರು. ಇಂದು ಅದು ೪೦ ಲಕ್ಷದ ಆಸುಪಾಸಿಗೆ ಇಳಿದಿದೆ. ಬೆಳಗಾವಿ ಜಿಲ್ಲೆಯಲ್ಲಿ ನೀರು ಕಂಡ ನೆಲವೆಲ್ಲ ಕಬ್ಬಿಗೆ ಹೋಯಿತು. ನೀರಿಲ್ಲದ ಮುಂಗಾರಿಯ ನೆಲವು ಸೋಯಾ ಅವರೆಗೂ ಗೋವಿನ ಜೋಳಕ್ಕೂ ಹೋಯಿತು. ಇದಕ್ಕಾಗಿ ರೈತನನ್ನು ದೂಷಿಸುವವರು ಮೊದಲು ಅವನ ಲೆಕ್ಕವನ್ನು ನೋಡಬೇಕು. ೨೦೨೪-೨೫ರ ಹಂಗಾಮಿಗೆ ಮಾಲದಂಡಿ ಜೋಳದ ಬೆಂಬಲ ಬೆಲೆಯು ಕ್ವಿಂಟಲಿಗೆ ೩,೪೨೧ ರೂಪಾಯಿ. ಎಕರೆಗೆ ನಾಲ್ಕು ಕ್ವಿಂಟಲ್ ಬಂದರೆ ಹದಿಮೂರೂವರೆ ಸಾವಿರದ ಮೇಲೆ ತುಸು. ಅದೇ ಹಂಗಾಮಿನಲ್ಲಿ ಶೇಕಡ ೧೦.೨೫ ಇಳುವರಿಯ ಕಬ್ಬಿಗೆ ಕೇಂದ್ರ ಸರಕಾರವು ಗೊತ್ತುಮಾಡಿದ ದರವು ಟನ್ನಿಗೆ ೩,೪೦೦ ರೂಪಾಯಿ. ಎಕರೆಗೆ ೪೦ ಟನ್ ಬಂದರೆ ೧,೩೬,೦೦೦. ಕಬ್ಬಿಗೆ ನೀರು, ಗೊಬ್ಬರ, ಆಳು, ವರ್ಷವಿಡೀ ಕಾಯುವಿಕೆ ಎಲ್ಲವೂ ಹೆಚ್ಚೆಂಬದು ನಿಜ. ಬಿಲ್ಲಿಗಾಗಿ ಕಾರಖಾನೆಯ ಬಾಗಿಲು ಕಾಯುವದೂ ನಿಜ. ಆದರೂ ಹತ್ತು ಪಟ್ಟಿನ ಅಂತರವನ್ನು ಕಂಡ ಮೇಲೆ ಮಗಳ ಮದುವೆ, ಮಗನ ಶಾಲೆ, ಸಂಘದ ಸಾಲ ಇವುಗಳನ್ನು ತಲೆಯ ಮೇಲೆ ಹೊತ್ತವನು ಜೋಳವನ್ನೇ ಬೆಳೆ ಎಂಬ ಉಪದೇಶವನ್ನು ಕೇಳುವದೆಂತು?

ಹೊಲದಿಂದ ಜೋಳ ಹೋದುದರೊಂದಿಗೆ ಮನೆಯಿಂದ ಹಗೇವೂ ಹೋಯಿತು. ನೆಲದಲ್ಲಿ ತೋಡಿ, ಒಳಗೆಲ್ಲ ಹುಲ್ಲು ಕಣಿಕೆಗಳ ಒತ್ತು ಕೊಟ್ಟು, ಕಾಳು ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ, ಗಾಳಿಯಾಡದೆ ಹುಳುಗಳು ಸತ್ತು ಜೋಳವು ವರ್ಷಗಟ್ಟಲೆ ಇರುತ್ತಿತ್ತು. ತೆರೆದಾಗ ಕೆಟ್ಟ ಗಾಳಿಯುಂಟೆಂದು ಮೊದಲು ದೀಪವನ್ನಿಳಿಸಿ ನೋಡಿ ಆಮೇಲೆ ಮನುಷ್ಯನಿಳಿಯುತ್ತಿದ್ದನು. ಒಂದು ಮಳೆ ತಪ್ಪಿದರೆ ಹಗೇವು ತೆರೆಯುವದು, ಎರಡು ಮಳೆ ತಪ್ಪಿದರೆ ಗುಳೆ ಹೋಗುವದು, ಇದು ಹಿಂದಿನವರ ಕ್ರಮ. ಆಯಗಾರರಿಗೂ ಕೂಲಿಯ ಹೆಣ್ಣುಮಕ್ಕಳಿಗೂ ಕಣದಲ್ಲಿಯೇ ಕಾಳು ಸಲ್ಲುತ್ತಿತ್ತು. ಆ ಕ್ರಮದಲ್ಲಿ ಮೇಲುಕೀಳುಗಳ ಅನ್ಯಾಯವು ಬೇಕಾದಷ್ಟಿತ್ತು, ಅದು ಹೋದುದಕ್ಕೆ ನಾವು ಕಣ್ಣೀರಿಡುವದಿಲ್ಲ. ಆದರೆ ಇಂದು ಕೂಲಿಯು ರೊಕ್ಕದಲ್ಲಿ ಬರುವದು, ಜೋಳದ ಧಾರಣೆ ಏರಿದ ದಿನ ಕೂಲಿಯು ಏರುವದಿಲ್ಲ. ಬಿಳಿಜೋಳದ ಪೇಟೆಯ ದರವು ಬೆಂಬಲ ಬೆಲೆಯನ್ನು ದಾಟಿ ಎಷ್ಟೋ ಮೇಲಕ್ಕೆ ಹೋದ ವರ್ಷಗಳುಂಟು. ಆ ಏರಿಕೆಯ ಲಾಭವು ಮಾಘದಲ್ಲಿಯೇ ಚೀಲ ಕಟ್ಟಿ ಅಡತಿಯ ಅಂಗಡಿಗೆ ಹಾಕಿದವನಿಗೆ ದೊರೆಯಲಿಲ್ಲ, ಚೀಲವನ್ನು ಇಟ್ಟುಕೊಂಡು ಕಾಯಬಲ್ಲವನಿಗೆ ದೊರೆಯಿತು. ಮರಾಡಿಗೂ ನೇಸರಗಿಗೂ ನಡುವೆ ಸಾವಿರಾರು ಮೈಲುಗಳಿದ್ದರೂ ಈ ಮಾತಿನಲ್ಲಿ ಅಂತರವಿಲ್ಲ.

ಪಡಿತರದ ಆಸರೆ ಮತ್ತು ಅದರ ಮಿತಿ

ಮರಾಡಿಯ ಬಡವನಿಗಿಲ್ಲದ ಒಂದು ದೊಡ್ಡ ಆಸರೆಯು ನಮ್ಮ ಬಡವನಿಗಿದೆ, ಅದೇ ಪಡಿತರ. ೧೯೬೫-೬೬ರ ಬರಗಾಲದಲ್ಲಿ ಅಮೇರಿಕೆಯ ಹಡಗು ಬಂದರೆ ಊಟ, ಇಲ್ಲವಾದರೆ ಉಪವಾಸವೆಂಬ ಸ್ಥಿತಿಯಿದ್ದಿತು. ಲಾಲ ಬಹಾದುರ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡಿರೆಂದು ದೇಶವನ್ನು ಬೇಡಿಕೊಂಡರು. ಆ ಅವಮಾನದಿಂದ ಮೇಲೆದ್ದು, ೧೯೬೫ರಲ್ಲಿ ಆಹಾರ ನಿಗಮವನ್ನು ಕಟ್ಟಿ, ಗೋಧಿ ಅಕ್ಕಿಗಳ ಬೆಳೆಯನ್ನು ಹೆಚ್ಚಿಸಿ, ೨೦೧೩ರಲ್ಲಿ ಆಹಾರ ಭದ್ರತೆಯ ಕಾಯಿದೆಯನ್ನು ಮಾಡುವವರೆಗೆ ದೇಶವು ನಡೆದ ದಾರಿಯು ಸಾಮಾನ್ಯವಾದುದಲ್ಲ. ಅದೇ ೨೦೧೩ರ ಜುಲೈದಲ್ಲಿ ಕರ್ನಾಟಕವು ಅನ್ನಭಾಗ್ಯವನ್ನು ಆರಂಭಿಸಿತು. ೧೮೭೭ರಲ್ಲಿ ಕಲ್ಲು ಒಡೆದು ಒಂದು ಪೌಂಡು ಕಾಳು ಪಡೆದವರ ಮರಿಮಕ್ಕಳು ಇಂದು ಚೀಟಿ ತೋರಿಸಿ ಹಕ್ಕಿನಿಂದ ಕಾಳು ಪಡೆಯುವರು. ಸ್ವರಾಜ್ಯದ ಫಲಗಳಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಾವು ಕಾಣೆವು.

ಆದರೆ ಆಸರೆಯು ಒಂದೇ ಕಂಬದ ಮೇಲೆ ನಿಂತಿರಬಾರದು. ೨೦೨೩ರಲ್ಲಿ ನಡೆದುದನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ತಲೆಗೆ ಇನ್ನೂ ಐದು ಕಿಲೋ ಅಕ್ಕಿಯನ್ನು ಕೊಡುವೆನೆಂದು ರಾಜ್ಯ ಸರಕಾರವು ಮಾತು ಕೊಟ್ಟಿತು. ರೊಕ್ಕ ಕೊಡಲು ಸಿದ್ಧವಾಗಿತ್ತು. ಆದರೆ ಪೇಟೆಯ ದರಗಳನ್ನು ಹಿಡಿದಿಡುವದಕ್ಕೆ ದಾಸ್ತಾನು ಬೇಕೆಂಬ ಕಾರಣದಿಂದ ಆಹಾರ ನಿಗಮದ ಅಕ್ಕಿಯನ್ನು ರಾಜ್ಯಗಳಿಗೆ ಮಾರುವದನ್ನು ಕೇಂದ್ರವು ನಿಲ್ಲಿಸಿತು. ಕಡೆಗೆ ಆ ಜುಲೈದಿಂದ ಅಕ್ಕಿಯ ಬದಲಾಗಿ ಕಿಲೋಕ್ಕೆ ೩೪ ರೂಪಾಯಿಯಂತೆ ತಲೆಗೆ ೧೭೦ ರೂಪಾಯಿಗಳನ್ನು ಜನರ ಖಾತೆಗೆ ಹಾಕಬೇಕಾಯಿತು. ೨೦೨೫ರ ಫೆಬ್ರುವರಿಯಲ್ಲಿ ಮಾತ್ರ ಅದು ಮತ್ತೆ ಅಕ್ಕಿಯಾಯಿತು. ಅದೇ ೨೦೨೩ರಲ್ಲಿ ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ ಬರಪೀಡಿತವೆಂದು ಸಾರಲ್ಪಟ್ಟವು. ಯಾರ ತಪ್ಪು ಎಷ್ಟೆಂಬ ವಾದಕ್ಕೆ ನಾವು ಇಲ್ಲಿ ಇಳಿಯುವದಿಲ್ಲ, ಎರಡೂ ಪಕ್ಷದವರು ಅದನ್ನು ಸಾಕಷ್ಟು ಮಾಡಿರುವರು. ನಮ್ಮ ಪ್ರಶ್ನೆಯಿಷ್ಟೆ: ಬೊಕ್ಕಸದಲ್ಲಿ ರೊಕ್ಕವಿದ್ದ ಒಂದು ನಾಡು, ಕಾಳು ಬೆಳೆಯಬಲ್ಲ ನೆಲವಿದ್ದ ಒಂದು ನಾಡು, ಬರದ ವರ್ಷದಲ್ಲಿ ಕಾಳಿಗಾಗಿ ಪರರ ಉಗ್ರಾಣದ ಕಡೆಗೆ ನೋಡಬೇಕಾದುದೇಕೆ?

ಅಕ್ಕಿ ಪುಕ್ಕಟೆ ಸಿಗುವಾಗ ಜೋಳದ ಗೊಡವೆ ಏತಕ್ಕೆಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವು ಮೂರು ಬಗೆಯದು. ಮೊದಲನೆಯದಾಗಿ, ಅಕ್ಕಿಗೆ ಬೇಕಾದಷ್ಟು ನೀರು ಈ ಒಣಸೀಮೆಯಲ್ಲಿಲ್ಲ, ಜೋಳಕ್ಕೆ ನೆಲದ ತೇವವೇ ಸಾಕು. ಮಳೆಯ ನಡತೆಯು ವರ್ಷವರ್ಷಕ್ಕೆ ಕೆಡುತ್ತಿರುವ ಈ ಕಾಲದಲ್ಲಿ ಈ ಗುಣದ ಬೆಲೆಯನ್ನು ಅರಿಯದವನು ಮೂಢನು. ಎರಡನೆಯದಾಗಿ, ಜೋಳ ಹೋದರೆ ಕಣಿಕೆ ಹೋಗುವದು, ಕಣಿಕೆ ಹೋದರೆ ದನ ಹೋಗುವವು. ಅಕ್ಕಿಯ ಚೀಲದೊಂದಿಗೆ ಯಾವ ಸರಕಾರವೂ ಮೇವಿನ ಹೊರೆಯನ್ನು ಕಳಿಸುವದಿಲ್ಲ. ಮೂರನೆಯದಾಗಿ, ರೊಟ್ಟಿಯುಣ್ಣುವ ನಾಡಿಗೆ ಅಕ್ಕಿ ಕೊಟ್ಟರೆ, ಅದರಲ್ಲಿ ಒಂದು ಭಾಗವು ಸಂತೆಯಲ್ಲಿ ಮಾರಿಹೋಗಿ ಆ ರೊಕ್ಕದಿಂದಲೇ ಜೋಳವು ಕೊಳ್ಳಲ್ಪಡುವದೆಂಬದು ಹಳ್ಳಿಯ ಕೂಸಿಗೂ ತಿಳಿದ ಮಾತು. ಸರಕಾರದ ಕಾಳು ಸುತ್ತಿ ಬಳಸಿ ರೊಟ್ಟಿಯಾಗುವದರ ಬದಲು ನೇರವಾಗಿ ರೊಟ್ಟಿಯಾದರೆ ನಷ್ಟವಾಗುವದು ನಡುವಿನ ದಲಾಲಿಗೇ ಹೊರತು ಇನ್ನಾರಿಗೂ ಅಲ್ಲ.

ಮಾಡಬೇಕಾದುದೇನು?

ಹಾಗಾದರೆ ಮಾಡಬೇಕಾದುದೇನು? ಕೆಲವು ವರ್ಷಗಳಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರದ ಜಿಲ್ಲೆಗಳಿಗೆ ಜೋಳವೆಂದು ಪಡಿತರದಲ್ಲಿ ಕೊಡುವ ಯತ್ನವು ನಡೆದುದುಂಟು. ಯತ್ನವು ಸರಿಯಾದುದೇ, ಸಾಲದಾದುದು ಅದರ ನಿಶ್ಚಯ ಮತ್ತು ಹೊತ್ತು. ಮಾಘ ಫಾಲ್ಗುಣದಲ್ಲಿ ರಾಶಿಯಾಗುವ ಜೋಳಕ್ಕೆ ಖರೀದಿಯ ಕೇಂದ್ರವು ಚೈತ್ರದ ಮೇಲೆ ತೆರೆದರೆ, ಅಷ್ಟರೊಳಗೆ ಬಡ ಒಕ್ಕಲಿಗನ ಚೀಲವು ಅಡತಿಯವನ ಕೋಣೆ ಸೇರಿರುವದು. ಆಮೇಲೆ ಸರಕಾರವು ಕೊಡುವ ಬೆಲೆಯು ಬೆಳೆದವನಿಗೆ ಮುಟ್ಟುವದಿಲ್ಲ. ಆದುದರಿಂದ ರಾಶಿಗೆ ಮುಂಚೆಯೇ ಕೇಂದ್ರ ತೆರೆಯಬೇಕು, ತೂಕವಾದ ವಾರದಲ್ಲಿ ರೊಕ್ಕ ಮುಟ್ಟಬೇಕು, ಇಂತಿಷ್ಟು ಜೋಳವನ್ನು ಇಷ್ಟು ವರ್ಷ ಕೊಳ್ಳುವೆವೆಂದು ಬಿತ್ತಿಗೆಗೆ ಮುನ್ನವೇ ಸಾರಬೇಕು. ಕಬ್ಬಿಗೆ ಕಾರಖಾನೆಯೆಂಬ ಗೊತ್ತಾದ ಗಿರಾಕಿಯುಂಟು. ಜೋಳಕ್ಕೂ ಅಂಥ ಗಿರಾಕಿ ಬೇಕು. ಬೈಲಹೊಂಗಲ ಸೀಮೆಯಲ್ಲಿ ಕೊಂಡ ಜೋಳವು ಬೈಲಹೊಂಗಲ ಸೀಮೆಯ ಪಡಿತರದ ಅಂಗಡಿಗೇ ಹೋದರೆ ಲಾರಿಯ ಬಾಡಿಗೆಯೂ ಉಳಿಯುವದು.

ಎರಡನೆಯದು ಊರ ಕೆಲಸ. ಹಿಂದುಸ್ತಾನದ ಮೊದಲ ಹಳ್ಳಿಯ ಸಹಕಾರಿ ಸಂಘವು ೧೯೦೫ರಲ್ಲಿ ಹುಟ್ಟಿದುದು ನಮ್ಮ ಕಣಗಿನಹಾಳದಲ್ಲಿ. ಸಿದ್ದನಗೌಡ ಪಾಟೀಲರಂಥ ಒಕ್ಕಲಿಗ ಮುಖಂಡರು ಅದನ್ನು ಕಟ್ಟಿದರು. ರೊಕ್ಕದ ಸಂಘವನ್ನು ಕಟ್ಟಿದ ನಾಡಿಗೆ ಕಾಳಿನ ಸಂಘವನ್ನು ಕಟ್ಟುವದು ಅಸಾಧ್ಯವೆ? ಸುಗ್ಗಿಯಲ್ಲಿ ಕಾಳು ಪಡೆದು ಅದರ ಮೇಲೆ ಅಡಮಾನ ಸಾಲ ಕೊಟ್ಟು, ಆಷಾಢದಲ್ಲಿ ನ್ಯಾಯವಾದ ದರಕ್ಕೆ ಊರವರಿಗೇ ಮಾರುವ ಉಗ್ರಾಣವೊಂದು ದೊಡ್ಡ ಊರುಗಳಲ್ಲಿ ಇರಬೇಕು. ಪಶ್ಚಿಮ ಆಫ್ರಿಕೆಯ ಹಳ್ಳಿಗಳಲ್ಲಿ ಇಂಥ ಧಾನ್ಯದ ಬ್ಯಾಂಕುಗಳು ಎಷ್ಟೋ ಹುಟ್ಟಿ ಎಷ್ಟೋ ಅಳಿದವು. ಉದ್ರಿ ಕೊಟ್ಟ ಕಾಳು ತಿರುಗಿ ಬಾರದುದೂ, ಲೆಕ್ಕವನ್ನು ಇಬ್ಬರೇ ಮುಖಂಡರು ಇಟ್ಟುಕೊಂಡುದೂ ಅವುಗಳ ನಾಶಕ್ಕೆ ಕಾರಣ. ಆದುದರಿಂದ ಲೆಕ್ಕವು ಊರ ಚಾವಡಿಯಲ್ಲಿ ಓದಲ್ಪಡಬೇಕು, ಆ ಲೆಕ್ಕದ ಮೇಲೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕಣ್ಣಿರಬೇಕು. ಕಾಳಿನ ಬೆಲೆಯನ್ನು ಅವರಷ್ಟು ಬಲ್ಲವರಿಲ್ಲ.

ಮೂರನೆಯದು ಒಕ್ಕಲಿಗನದೇ. ಕಬ್ಬನ್ನು ಕಿತ್ತೊಗೆಯೆಂದು ನಾವು ಹೇಳುವದಿಲ್ಲ, ಸೋಯಾ ಬಿತ್ತಬೇಡವೆಂದೂ ಹೇಳುವದಿಲ್ಲ. ರೊಕ್ಕ ಬೇಕು, ಅದಕ್ಕೆ ರೊಕ್ಕದ ಬೆಳೆ ಬೇಕು. ಆದರೆ ಮನೆಗೆ ಬೇಕಾದ ಎರಡು ಎಕರೆಯ ಮಾತನ್ನು ಮರೆಯಬಾರದು. ಮುಂಗಾರಿಯ ಸೋಯಾ ಎದ್ದ ಎರೆಯಲ್ಲಿ ಹದವಿದ್ದರೆ ಹಿಂಗಾರಿಯ ಜೋಳಕ್ಕೆ ಇನ್ನೂ ಎಡೆಯುಂಟು. ಪೇಟೆಯ ಧಾರಣೆಯು ಕುಸಿದ ವರ್ಷದಲ್ಲಿ ಸೋಯಾದ ಚೀಲವನ್ನು ಕುದಿಸಿ ಉಣ್ಣಲಾಗದು, ಕಬ್ಬನ್ನು ಬೀಸಿ ರೊಟ್ಟಿ ಮಾಡಲಾಗದು. ಜೋಳವು ಮಾರಿದರೆ ರೊಕ್ಕ, ಮಾರದಿದ್ದರೆ ಊಟ.

೨೦೨೩ನೆಯ ವರ್ಷವನ್ನು ಸಂಯುಕ್ತ ರಾಷ್ಟ್ರಗಳು ಕಿರುಧಾನ್ಯಗಳ ವರ್ಷವೆಂದು ಆಚರಿಸಿದವು. ಪಟ್ಟಣಗಳಲ್ಲಿ ಜೋಳದ ಬಿಸ್ಕೀಟು, ಸಜ್ಜೆಯ ದೋಸೆಗಳ ಪ್ರದರ್ಶನಗಳಾದವು, ಭಾಷಣಗಳಾದವು. ನಮಗೆ ಅದರ ಮೇಲೆ ಅಸೂಯೆಯಿಲ್ಲ. ಆದರೆ ಜೋಳದ ಮಾನವು ಪಟ್ಟಣದ ಶ್ರೀಮಂತನು ಅದನ್ನು ಔಷಧಿಯಂತೆ ತಿನ್ನುವದರಲ್ಲಿಲ್ಲ. ನೇಸರಗಿಯ ಕೂಲಿಯ ಮನೆಯಲ್ಲಿ ಆಷಾಢದ ಸಂಜೆ ತವೆಯ ಮೇಲೆ ರೊಟ್ಟಿ ಬೀಳುವದೋ ಇಲ್ಲವೋ ಎಂಬದರಲ್ಲಿದೆ. ಆ ರೊಟ್ಟಿಯು ಹೊಲದಿಂದ ಬರಲಿ, ಸಂಘದಿಂದ ಬರಲಿ, ಪಡಿತರದಿಂದ ಬರಲಿ, ಬರುವ ದಾರಿಯೊಂದು ಮುಚ್ಚಿದರೆ ಇನ್ನೊಂದು ತೆರೆದಿರಬೇಕು. ಮೂರು ದಾರಿಗಳುಳ್ಳ ನಾಡಿಗೆ ಬರವು ಬಂದೀತು, ಕ್ಷಾಮವು ಬಾರದು. ಒಂದೇ ದಾರಿಯನ್ನು ನೆಚ್ಚಿದ ನಾಡಿಗೆ ಕ್ಷಾಮವು ಸುಗ್ಗಿಯ ದಿನವೂ ಬಾಗಿಲಲ್ಲಿಯೇ ನಿಂತಿರುವದು.